ಹತ್ತು ಹೃದಯ ತುಂಬಿದರೆ ಪ್ರೀತಿಯಾಯಿತೇ?



ಕಳೆದ ತಿಂಗಳು ಭಾನುವಾರದ ಬಲಿಪೂಜೆ ಮುಗಿದ ಮೇಲೆ ನಮ್ಮ ಯುವಜನರ ಸಭೆ ಇತ್ತು. ಡಿಗ್ರಿ ಓದುತ್ತಿರುವ ತಂಗಿಯೊಬ್ಬಳು ಲ್ಯಾಪ್‌ಟಾಪ್ ತೆರೆದು ತಾನು ಮಾಡುತ್ತಿರುವ ಗೇಮ್ ತೋರಿಸಿದಳು. ಅದರಲ್ಲಿ ಒಂದು ಸಣ್ಣ ಪೇಟೆ, ಬಸ್‌ಸ್ಟ್ಯಾಂಡ್, ಬೇಕರಿ, ಆ ಬೇಕರಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗ. ಆಡುವವರು ದಿನಾ ಅವನನ್ನು ಮಾತಾಡಿಸಬೇಕು, ಪರಿಚಯ ಬೆಳೆಸಬೇಕು, ಕೊನೆಗೆ ಮನಸ್ಸಿನಲ್ಲಿರುವುದನ್ನು ಹೇಳಬೇಕು. ಇಂಥವಕ್ಕೆ ಡೇಟಿಂಗ್ ಸಿಮ್ ಎನ್ನುತ್ತಾರೆ.

ಹಾಲ್‌ನ ಬೀಗ ಹಾಕಲು ಬಂದಿದ್ದ ಆಂಟಿಯೊಬ್ಬರು ಇಣುಕಿ ನೋಡಿ, "ಎಂತ ಮಗಾ ಇದು? ಚರ್ಚಿನ ಹಾಲ್‌ನಲ್ಲಿ ಲವ್ ಆಟವಾ?" ಎಂದರು. ಎಲ್ಲರೂ ನಕ್ಕರು. ಅವಳು ಲ್ಯಾಪ್‌ಟಾಪ್ ಮುಚ್ಚಿಬಿಟ್ಟಳು. ನಕ್ಕವರಲ್ಲಿ ನಾನೂ ಇದ್ದೆ. ಮನೆಗೆ ಹೋಗುವಾಗ ಅದು ಸರಿಯಾಗಲಿಲ್ಲ ಅನಿಸಿತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಆಟಗಳನ್ನು ನಮ್ಮ ಯುವಜನರು ಮಾಡಲಿ, ಮಾರಲಿ, ಅದರಿಂದ ಸಂಪಾದಿಸಲಿ. ಆದರೆ ಮಾಡುವಾಗ ಎರಡು ಪ್ರಶ್ನೆ ಕೇಳಿಕೊಳ್ಳಲೇಬೇಕು. ಈ ಆಟದಲ್ಲಿ ಎದುರಿನ ವ್ಯಕ್ತಿಗೆ "ಬೇಡ" ಎನ್ನುವ ಸ್ವಾತಂತ್ರ್ಯ ಇದೆಯೇ? ನಾವು ಮಾರುತ್ತಿರುವುದು ಕಥೆಯನ್ನೋ, ಆಡುವವರ ಒಂಟಿತನವನ್ನೋ?

ಈ ಬಗೆಯ ಆಟ ಹೊಸದಲ್ಲ. ಜಪಾನಿನ ಕೊನಾಮಿ ಕಂಪನಿ 1994ರಲ್ಲೇ ಟೋಕಿಮೆಕಿ ಮೆಮೋರಿಯಲ್ ಎಂಬ ಆಟ ತಂದಿತ್ತು. ಹೈಸ್ಕೂಲಿನ ಮೂರು ವರ್ಷ ಓದು, ಕ್ರೀಡೆ, ವೇಷಭೂಷಣ ಎಲ್ಲದರ ಅಂಕ ಹೆಚ್ಚಿಸಿಕೊಂಡು ಹುಡುಗಿಯೊಬ್ಬಳ ಮನಸ್ಸು ಗೆಲ್ಲುವುದು ಆ ಆಟ. ಇಂದು ಹಳ್ಳಿಯ ಬದುಕನ್ನು ಆಡುವ ಆಟಗಳಲ್ಲಿ ಹೆಚ್ಚು ಹೆಸರಾದದ್ದು ಸ್ಟಾರ್‌ಡ್ಯೂ ವ್ಯಾಲಿ. ಅಮೆರಿಕದ ಎರಿಕ್ ಬರೋನ್ ಎಂಬ ಯುವಕ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬನೇ ಕೂತು ಅದರ ಕೋಡ್, ಚಿತ್ರ, ಸಂಗೀತ, ಮಾತು ಎಲ್ಲವನ್ನೂ ಮಾಡಿದ. ಖರ್ಚಿಗಾಗಿ ಥಿಯೇಟರೊಂದರಲ್ಲಿ ಪ್ರೇಕ್ಷಕರಿಗೆ ಸೀಟು ತೋರಿಸುವ ಕೆಲಸ ಮಾಡುತ್ತಿದ್ದ. 2016ರ ಫೆಬ್ರವರಿಯಲ್ಲಿ ಹೊರಬಂದ ಆ ಆಟ 2024ರ ಕೊನೆಗೆ 4 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿತ್ತು. ಒಮ್ಮೆ ಹಣ ಕೊಟ್ಟರೆ ಮುಗಿಯಿತು, ನಂತರ ಬಂದ ದೊಡ್ಡ ದೊಡ್ಡ ಅಪ್‌ಡೇಟ್‌ಗಳೆಲ್ಲ ಉಚಿತ. ದುಡಿಮೆಯ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ.

ಆದರೆ ಅಲ್ಲಿ ಮದುವೆ ಹೇಗೆ ನಡೆಯುತ್ತದೆ ನೋಡಿ. ಊರಿನ ಪ್ರತಿಯೊಬ್ಬರ ಹೆಸರಿನ ಮುಂದೆ ಹೃದಯದ ಗುರುತುಗಳ ಸಾಲು. ಒಂದು ಹೃದಯ ತುಂಬಲು 250 ಅಂಕ. ವಾರಕ್ಕೆ ಎರಡು ಉಡುಗೊರೆ ಕೊಡಬಹುದು. ತುಂಬಾ ಇಷ್ಟದ ವಸ್ತು ಕೊಟ್ಟರೆ 80 ಅಂಕ, ಹುಟ್ಟುಹಬ್ಬದ ದಿನವಾದರೆ ಅದರ ಎಂಟು ಪಟ್ಟು. ಎಂಟು ಹೃದಯ ತುಂಬಿದಾಗ ಹೂಗುಚ್ಛ ಕೊಡಬೇಕು. ಹತ್ತು ತುಂಬಿ, ಮನೆಯೂ ದೊಡ್ಡದಾಗಿದ್ದರೆ ಪದಕವೊಂದನ್ನು ಕೊಟ್ಟು ಮದುವೆ ಕೇಳಬಹುದು. ಉತ್ತರ ಯಾವಾಗಲೂ ಒಂದೇ. ಲೆಕ್ಕ ಸರಿಯಾಗಿದ್ದರೆ ಯಾರೂ "ಬೇಡ" ಎನ್ನುವುದಿಲ್ಲ.

ಈ ಆಟದ ಬಗ್ಗೆ ಅನ್ಯಾಯವಾಗಿ ಮಾತಾಡಬಾರದು. ಹೃದಯ ತುಂಬುತ್ತ ಹೋದಂತೆ ಆ ಜನರ ಕಷ್ಟವೂ ಕಾಣುತ್ತದೆ. ಕುಡಿತಕ್ಕೆ ಬಿದ್ದು ಬದುಕೇ ಬೇಡವಾದವನೊಬ್ಬ, ಕುಡಿಯುವ ತಾಯಿಯೊಡನೆ ಹೆಣಗುವ ಮಗಳೊಬ್ಬಳು ಅಲ್ಲಿದ್ದಾರೆ. ಅವರ ಕಥೆ ಕೇಳಿದವರ ಮನಸ್ಸು ಮೆತ್ತಗಾಗುತ್ತದೆ. ನನಗೆ ತಕರಾರಿರುವುದು ಆ ಕಥೆಯ ಬಾಗಿಲಿಗೆ ಹಾಕಿದ ಬೀಗದ ಬಗ್ಗೆ. ಉಡುಗೊರೆ ಕೊಟ್ಟೆ, ಅಂಕ ಬಂತು, ಆದ್ದರಿಂದ ನೀನು ನನ್ನವಳು ಎನ್ನುವ ಲೆಕ್ಕ ಅದು.

ಈ ಲೆಕ್ಕ ಬೈಬಲಿನಲ್ಲೂ ಇದೆ. ಆದಿಕಾಂಡದಲ್ಲಿ ಯಕೋಬನು ರಾಖೇಲಳಿಗಾಗಿ ಲಾಬಾನನ ಮನೆಯಲ್ಲಿ ಏಳು ವರ್ಷ ದುಡಿದ. ಮದುವೆಯ ಮರುದಿನ ಬೆಳಿಗ್ಗೆ ನೋಡಿದರೆ ಪಕ್ಕದಲ್ಲಿ ಲೇಯಾ. ಮತ್ತೆ ಏಳು ವರ್ಷದ ದುಡಿಮೆ. ನಾವು ಈ ಕಥೆಯನ್ನು ಯಕೋಬನ ತಾಳ್ಮೆಯ ಕಥೆಯಾಗಿ ಹೇಳುತ್ತೇವೆ. ಆದರೆ ಮುಂದೆ 31ನೆಯ ಅಧ್ಯಾಯದಲ್ಲಿ ಅಕ್ಕತಂಗಿಯರಿಬ್ಬರೂ ಬಾಯಿಬಿಟ್ಟು ಹೇಳುತ್ತಾರೆ, ಅಪ್ಪ ತಮ್ಮನ್ನು ಮಾರಿಬಿಟ್ಟ ಎಂದು. ದುಡಿದವನಿಗೆ ಕೂಲಿಯಾಗಿ ಹೆಣ್ಣು ಸಿಕ್ಕಿದಳು. ಅವಳನ್ನು ಯಾರೂ ಕೇಳಲಿಲ್ಲ.

ನಮ್ಮ ಚರ್ಚ್ ಇವತ್ತು ಕೇಳುತ್ತದೆ. ಮದುವೆಯ ವಿಧಿಯಲ್ಲಿ ಒಪ್ಪಿಗೆಗೆ ಮೊದಲು ಫಾದರ್ ವಧೂವರರಿಬ್ಬರನ್ನೂ ಕೇಳುವ ಮೊದಲ ಪ್ರಶ್ನೆಯೇ, ಯಾರ ಬಲವಂತವೂ ಇಲ್ಲದೆ ಸ್ವಂತ ಮನಸ್ಸಿನಿಂದ ಬಂದಿದ್ದೀರಾ ಎಂಬುದು. ರೋಸ್ ಆಗಿರಲಿ, ಹಾಲ್ ಬುಕ್ ಆಗಿರಲಿ, ಐನೂರು ಜನ ಬಂದಿರಲಿ, ಆ ಪ್ರಶ್ನೆಗೆ "ಇಲ್ಲ" ಎಂದರೆ ಮದುವೆ ಮುಂದುವರಿಯುವುದಿಲ್ಲ. ಕೃಪೆಯ ವಿಷಯದಲ್ಲೂ ಹಾಗೆಯೇ. ದೇವರ ಪ್ರೀತಿಯನ್ನು ನಾವು ಅಂಕ ಕೂಡಿಸಿ ಸಂಪಾದಿಸಲಿಲ್ಲ. ದೇವರೂ ನಮ್ಮ ಉತ್ತರವನ್ನು ಬಲವಂತದಿಂದ ಪಡೆಯುವುದಿಲ್ಲ.

"ಅದು ಬರೀ ಆಟ ಅಲ್ವಾ ಅಣ್ಣಾ" ಎಂದು ನೀವು ಕೇಳಬಹುದು. ಹೌದು, ಆಟವೇ. ಆದರೆ "ಇಷ್ಟೆಲ್ಲ ಮಾಡಿದೆ, ರೀಚಾರ್ಜ್ ಮಾಡಿಸಿದೆ, ಗಿಫ್ಟ್ ಕೊಟ್ಟೆ, ಆದರೂ ಅವಳು ಒಪ್ಪಲಿಲ್ಲ" ಎಂದು ಸಿಟ್ಟಾಗುವ ಹುಡುಗರನ್ನು ನಾವು ನೋಡಿಲ್ಲವೇ? ಆ ಸಿಟ್ಟನ್ನು ಆಟ ಹುಟ್ಟಿಸಿತು ಎಂದು ನಾನು ಹೇಳುತ್ತಿಲ್ಲ. ಅದು ಲಾಬಾನನ ಕಾಲದಿಂದಲೂ ಇದೆ. ಅದಕ್ಕೆ ನಾವು ಇನ್ನಷ್ಟು ಅಭ್ಯಾಸ ಕೊಡುವುದು ಬೇಡ ಎನ್ನುತ್ತಿದ್ದೇನೆ, ಅಷ್ಟೇ.

ಬೇರೆ ದಾರಿ ಇದೆ. 2018ರ ಫೆಬ್ರವರಿ 14ರಂದು ಫ್ಲಾರೆನ್ಸ್ ಎಂಬ ಪುಟ್ಟ ಮೊಬೈಲ್ ಗೇಮ್ ಬಂತು. ಆಸ್ಟ್ರೇಲಿಯಾದ ಮೆಲ್ಬರ್ನಿನ ಸಣ್ಣ ತಂಡ ಮಾಡಿದ್ದು. ಆಡಿ ಮುಗಿಸಲು ಮುಕ್ಕಾಲು ಗಂಟೆ ಸಾಕು. ಫ್ಲಾರೆನ್ಸ್ ಎಂಬ ಹುಡುಗಿಗೆ ಚೆಲ್ಲೊ ನುಡಿಸುವ, ಭಾರತೀಯ ಮೂಲದ ಕ್ರಿಶ್ ಎಂಬ ಹುಡುಗ ಸಿಗುತ್ತಾನೆ. ಅವರ ಮೊದಲ ಭೇಟಿಯಲ್ಲಿ ನಾವು ಜಿಗ್ಸಾದ ತುಂಡುಗಳನ್ನು ಸೇರಿಸಿ ಮಾತು ಕಟ್ಟಬೇಕು. ಆಗ ತುಂಡುಗಳು ಜಾಸ್ತಿ. ಪರಿಚಯ ಬೆಳೆದಂತೆ ತುಂಡುಗಳು ಕಡಿಮೆಯಾಗುತ್ತ ಮಾತು ಸಲೀಸಾಗುತ್ತದೆ. ಜಗಳದ ದಿನ ಅವೇ ತುಂಡುಗಳು ಚೂಪಾಗುತ್ತವೆ. ಅವನು ಅವಳ ಮನೆಗೆ ಬಂದಾಗ ಶೆಲ್ಫಿನ ಮೇಲೆ ಅವನ ವಸ್ತು ಇಡಲು ನಮ್ಮ ಕೈಯಿಂದಲೇ ಅವಳ ವಸ್ತು ತೆಗೆಯಬೇಕಾಗುತ್ತದೆ. ಕೊನೆಗೆ ಅವರು ಬೇರೆಯಾಗುತ್ತಾರೆ. ಎಷ್ಟು ಚೆನ್ನಾಗಿ ಆಡಿದರೂ ಅದನ್ನು ತಪ್ಪಿಸಲಾಗದು. ಮದುವೆಗೆ ಮೊದಲು ಒಟ್ಟಿಗೆ ವಾಸ ಮಾಡುವುದನ್ನು ಚರ್ಚ್ ಒಪ್ಪುವುದಿಲ್ಲ, ನಾನೂ ಅದನ್ನು ಮಾದರಿ ಎನ್ನುತ್ತಿಲ್ಲ. ಆದರೆ ಇನ್ನೊಬ್ಬರ ಮನಸ್ಸು ನಮ್ಮ ಸ್ವತ್ತಲ್ಲ ಎಂಬ ಸತ್ಯವನ್ನು ಆ ಆಟ ಒಂದು ಪ್ರಸಂಗಕ್ಕಿಂತ ಚೆನ್ನಾಗಿ ಕಲಿಸುತ್ತದೆ.

ಇನ್ನು ಮಾರಾಟದ ವಿಷಯ. ಕೊರಿಯಾದ ಚೆರಿಟ್ಜ್ ಕಂಪನಿಯ ಮಿಸ್ಟಿಕ್ ಮೆಸೆಂಜರ್ 2016ರಲ್ಲಿ ಬಂತು. ಇಳಿಸಿಕೊಳ್ಳಲು ಹಣ ಬೇಡ. ಪಾತ್ರಗಳು ವಾಟ್ಸಾಪ್‌ನಂಥ ಚಾಟ್‌ನಲ್ಲಿ ಮಾತಾಡುತ್ತವೆ, ಫೋನ್ ಕೂಡ ಮಾಡುತ್ತವೆ. ಆ ಚಾಟ್‌ಗಳು ಗಡಿಯಾರದ ಸಮಯಕ್ಕೇ ತೆರೆಯುತ್ತವೆ, ಮಧ್ಯರಾತ್ರಿ ಕಳೆದ ಮೇಲೂ. ನಿದ್ದೆ ಮಾಡಿ ತಪ್ಪಿಸಿಕೊಂಡರೆ ಮರಳು ಗಡಿಯಾರಗಳನ್ನು ಖರ್ಚು ಮಾಡಿ ಅದನ್ನು ಮತ್ತೆ ತೆರೆಯಬೇಕು. ಆ ಗಡಿಯಾರ ಆಟದಲ್ಲೇ ಅಲ್ಪಸ್ವಲ್ಪ ಸಿಗುತ್ತದೆ, ಸಾಲದಿದ್ದರೆ ದುಡ್ಡು ಕೊಟ್ಟು ಕೊಳ್ಳಬೇಕು. ಕಥೆ ಚೆನ್ನಾಗಿಯೇ ಇದೆ ಎನ್ನುವವರು ಬಹಳ. ಆದರೆ ಇಲ್ಲಿ ಬೆಲೆ ಕಟ್ಟಿರುವುದು "ಅವನು ಕರೆದಾಗ ನಾನಿರಲಿಲ್ಲವಲ್ಲ" ಎಂಬ ತಳಮಳಕ್ಕೆ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೆಯ ಅಧ್ಯಾಯವನ್ನು ನಾವು ಮದುವೆಗಳಲ್ಲಿ ಓದುತ್ತೇವೆ. ಪ್ರೀತಿಯ ಬಗ್ಗೆ ಅಲ್ಲಿ ಮೊದಲು ಬರುವ ಗುಣವೇ ತಾಳ್ಮೆ. ತಾಳ್ಮೆ ಕೆಡಿಸಿ ಕಾಸು ಮಾಡುವುದು ಅದಕ್ಕೆ ತಿರುಗಾಮುರುಗಾ ದಾರಿ. ರಾತ್ರಿ ಎರಡು ಗಂಟೆಗೆ ಅಮ್ಮನ ಫೋನಿನಿಂದ ಯುಪಿಐ ಒತ್ತುವ ಮಗುವನ್ನು ನೆನೆಸಿಕೊಂಡರೆ ಇದು ಬೇಗ ಅರ್ಥವಾಗುತ್ತದೆ.

ಪ್ರಾಮಾಣಿಕವಾಗಿ ಮಾರಲು ದಾರಿಗಳಿವೆ. ನಮ್ಮ ತಂಗಿ ಬಳಸುತ್ತಿರುವ ರೆನ್‌ಪೈ ಎಂಬ ಸಾಧನ 2004ರಿಂದ ಉಚಿತವಾಗಿ ಸಿಗುತ್ತಿದೆ. ಸ್ಟೀಮ್ ಅಂಗಡಿಯಲ್ಲಿ ಆಟ ಇಡಲು ಒಂದೊಂದಕ್ಕೆ 100 ಡಾಲರ್ ಕಟ್ಟಬೇಕು. ವ್ಯಾಪಾರ 1,000 ಡಾಲರ್ ದಾಟಿದರೆ ಅದು ವಾಪಸ್ ಬರುತ್ತದೆ. ಮಾರಾಟದಲ್ಲಿ ಅವರ ಪಾಲು ಶೇಕಡಾ 30. ಅಂದರೆ 300 ರೂಪಾಯಿಯ ಆಟದಲ್ಲಿ 90 ಅವರಿಗೆ, ತೆರಿಗೆ ಕಳೆಯುವ ಮೊದಲು 210 ನಮಗೆ. ಇಚ್ ಡಾಟ್ ಐಒದಲ್ಲಿ ಅಂಗಡಿಯವರ ಪಾಲೆಷ್ಟು ಎಂದು ಮಾಡಿದವರೇ ತೀರ್ಮಾನಿಸಬಹುದು, ಸೊನ್ನೆ ಎಂದರೂ ನಡೆಯುತ್ತದೆ. ಒಂದು ಕಷ್ಟವೂ ಇದೆ. ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ಹಣ ಹಿಂತಿರುಗಿಸುತ್ತದೆ. ಒಂದು ಗಂಟೆಯ ಕಥೆ ಬರೆದವರಿಗೆ ಇದರಿಂದ ನಷ್ಟವಾಗಬಹುದು, ಸುಮ್ಮನೆ ಎಳೆಯುವ ಆಸೆಯೂ ಬರಬಹುದು. ಹೆಚ್ಚಿನವರಿಗೆ ಈ ಕೆಲಸದಿಂದ ಮೊದಲ ವರ್ಷವೇ ಸಂಬಳ ಹುಟ್ಟುವುದಿಲ್ಲ. ಬರೋನ್ ಸೀಟು ತೋರಿಸುತ್ತಿದ್ದುದನ್ನು ಮರೆಯಬೇಡಿ, ಓದು ಬಿಡಬೇಡಿ.

ಆದ್ದರಿಂದ ಮಾಡುವವರಿಗೆ ನನ್ನ ವಿನಂತಿ ಇಷ್ಟು. ನಿಮ್ಮ ಪಾತ್ರಕ್ಕೆ ನಿರಾಕರಿಸಲು ಬಿಡಿ, ನಿರಾಕರಣೆಯ ನಂತರವೂ ಆಟ ಮುಂದುವರಿಯಲಿ, ಸ್ನೇಹ ಉಳಿಯಲಿ. ಬೆಲೆಯನ್ನು ಮೊದಲೇ ಹೇಳಿ, ಒಂದೇ ಸಲ ತೆಗೆದುಕೊಳ್ಳಿ. ಯಾವ ವಯಸ್ಸಿನವರಿಗೆ ಎಂದು ಸ್ಪಷ್ಟವಾಗಿ ಬರೆಯಿರಿ. ಮತ್ತು ನಮ್ಮ ಊರಿನ ಕಥೆ ಹೇಳಿ. ಕಾಸರಗೋಡಿನ ನಮಗೆ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ನೆರೆಮನೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳಂ. ಮನಸ್ಸಿನ ಮಾತನ್ನು ಇವುಗಳಲ್ಲಿ ಯಾವ ಭಾಷೆಯಲ್ಲಿ ಹೇಳುವುದು ಎಂಬುದೇ ಒಂದು ಆಟವಾಗುವಷ್ಟು ದೊಡ್ಡ ಪ್ರಶ್ನೆ. ಮೊಂತಿ ಹಬ್ಬದ ತೆನೆ, ಅಡಕೆ ಅಂಗಳ, ಗಲ್ಫಿಗೆ ಹೋದ ಹುಡುಗನ ಫೋನಿಗೆ ಕಾಯುವ ಮನೆ, ಇವೆಲ್ಲ ಬೇರೆ ಯಾರ ಆಟದಲ್ಲೂ ಸಿಗುವುದಿಲ್ಲ.

ಹೆತ್ತವರಿಗೂ ಒಂದು ಮಾತು. ಬೈಯುವ ಮೊದಲು ಅರ್ಧ ಗಂಟೆ ಮಕ್ಕಳ ಪಕ್ಕದಲ್ಲಿ ಕೂತು ಆಟ ನೋಡಿ. 2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿದ ಕಾರ್ಲೊ ಅಕ್ಯುಟಿಸ್ ಕೂಡ ಪ್ಲೇಸ್ಟೇಷನ್ ಆಡುತ್ತಿದ್ದ ಹುಡುಗನೇ. ವಾರಕ್ಕೆ ಒಂದೇ ಗಂಟೆ ಎಂದು ತನಗೆ ತಾನೇ ಮಿತಿ ಹಾಕಿಕೊಂಡಿದ್ದ. ಅದೇ ಕಂಪ್ಯೂಟರ್ ಜ್ಞಾನದಿಂದ ಪರಮಪ್ರಸಾದದ ಪವಾಡಗಳನ್ನು ಸಂಗ್ರಹಿಸಿ ಜಗತ್ತಿಗೆ ತೋರಿಸಿದ. ಮಿತಿ, ಕೌಶಲ ಎರಡನ್ನೂ ಒಟ್ಟಿಗೆ ಕಲಿಸಬಹುದು ಎಂಬುದಕ್ಕೆ ಆತನೇ ಸಾಕ್ಷಿ.

ಆ ತಂಗಿಯ ಹತ್ತಿರ ಕ್ಷಮೆ ಕೇಳಿದ್ದೇನೆ. ಬರುವ ಸಭೆಗೆ ಲ್ಯಾಪ್‌ಟಾಪ್ ತರುತ್ತಾಳಂತೆ. ಬೇಕರಿಯ ಹುಡುಗ "ಬೇಡ" ಎನ್ನುವ ಒಂದು ಕೊನೆಯನ್ನೂ ಬರೆದಿದ್ದಾಳೆ. ಅದನ್ನು ಬರೆಯುವುದೇ ಎಲ್ಲಕ್ಕಿಂತ ಕಷ್ಟವಾಯಿತು ಎಂದಳು. ಆಂಟಿಯನ್ನೂ ಕರೆದಿದ್ದೇವೆ. ನೀವೂ ಬನ್ನಿ, ಆಡಿ ನೋಡಿ, ನಿಮ್ಮ ಅಭಿಪ್ರಾಯ ಹೇಳಿ.

ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.