ಆರತಿಗೆ ಫ್ಲೆಕ್ಸ್, ಪ್ಯಾಡಿಗೆ ಪೇಪರ್: ಮೇ 28 ಮುಗಿದ ಮೇಲೇನು?

ತುಮಕೂರು: ಮನೆಯ ಹೆಣ್ಣುಮಗಳು ದೊಡ್ಡವಳಾದರೆ ಹಳ್ಳಿ ಕಡೆ ಅದು ಇಡೀ ಬೀದಿಗೆ ಗೊತ್ತಾಗುವ ಸುದ್ದಿ. ಸೋದರಮಾವ ಬಂದು ಹಸಿರು ಸೊಪ್ಪಿನ ಗುಡ್ಲು ಹಾಕ್ತಾನೆ, ಚಿಗಳಿ, ಕೊಬ್ಬರಿ-ಬೆಲ್ಲ ಕೊಡ್ತಾರೆ, ಮುತ್ತೈದೆಯರು ಆರತಿ ಎತ್ತುತ್ತಾರೆ. ಈಗೀಗ ಶಾಮಿಯಾನ, ಫ್ಲೆಕ್ಸ್, ಊಟವೂ ಸೇರಿವೆ. ಅದೇ ಹುಡುಗಿ ಮುಂದಿನ ತಿಂಗಳು ಪ್ಯಾಡ್ ತರೋಕೆ ಅಂಗಡಿಗೆ ಹೋದರೆ, ಅಲ್ಲಿರುವ ಗಂಡಸರೆಲ್ಲ ಹೋಗಲಿ ಅಂತ ಪಕ್ಕಕ್ಕೆ ನಿಂತು ಕಾಯಬೇಕು. ಅಂಗಡಿಯವರು ಹಳೇ ಪೇಪರಿನಲ್ಲಿ ಸುತ್ತಿ ಕಪ್ಪು ಕವರಿಗೆ ಹಾಕಿ ಕೊಡ್ತಾರೆ. ಒಂದು ದಿನದ ಸಂಭ್ರಮಕ್ಕೆ ಊರೇ ಸೇರುತ್ತೆ, ತಿಂಗಳು ತಿಂಗಳಿನ ಅಗತ್ಯಕ್ಕೆ ಯಾರೂ ಇಲ್ಲ.

ಪ್ರತಿ ವರ್ಷ ಮೇ 28ರಂದು ನಡೆಯುವ ಮುಟ್ಟಿನ ನೈರ್ಮಲ್ಯ ದಿನಾಚರಣೆಗೂ ಇದೇ ಕಾಯಿಲೆ ಅಂಟಿಕೊಂಡಿದೆ. 2014ರಲ್ಲಿ ಶುರುವಾದ ಈ ದಿನ ಈಗ ಹಲವು ದೇಶಗಳಲ್ಲಿ ಆಚರಣೆಯಲ್ಲಿದೆ. ಮುಟ್ಟು ಸರಾಸರಿ 5 ದಿನ ಇರುತ್ತೆ ಅಂತ ಐದನೇ ತಿಂಗಳು, 28 ದಿನಕ್ಕೊಮ್ಮೆ ಬರುತ್ತೆ ಅಂತ 28ನೇ ತಾರೀಖು. ಲೆಕ್ಕ ಚೆನ್ನಾಗಿದೆ. ಆದರೆ ರಾಜ್ಯದ ಶಾಲೆಗಳಿಗೆ ಆ ಹೊತ್ತಲ್ಲಿ ಬೇಸಿಗೆ ರಜೆ. ಇತ್ತೀಚಿನ ವರ್ಷಗಳಲ್ಲಿ ಬಾಗಿಲು ತೆಗೆದಿರೋದೇ ಮೇ 29ರ ಸುಮಾರಿಗೆ. ಅಂದರೆ ಯಾರಿಗೆ ಈ ಮಾತು ಮುಟ್ಟಬೇಕೋ ಆ ಹುಡುಗಿಯರು ಕಾರ್ಯಕ್ರಮದ ದಿನ ಶಾಲೆಯಲ್ಲೇ ಇರಲ್ಲ.

ಸರ್ಕಾರ ಏನೂ ಮಾಡಿಲ್ಲ ಅನ್ನೋ ಹಾಗಿಲ್ಲ. 2013-14ರಲ್ಲಿ ಶುರುವಾದ ಶುಚಿ ಯೋಜನೆಯಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆ, ಹಾಸ್ಟೆಲ್‌ಗಳ ಹುಡುಗಿಯರಿಗೆ ಪ್ಯಾಡ್ ಉಚಿತ. ಆದರೆ ಕೋವಿಡ್ ಕಾಲದಲ್ಲಿ ನಿಂತ ವಿತರಣೆ ಮತ್ತೆ ಶುರುವಾಗೋಕೆ ವರ್ಷಗಳೇ ಬೇಕಾದವು. ಯೋಜನೆ ಸರಿಯಾಗಿ ಜಾರಿಯಾಗಿಲ್ಲ ಅನ್ನೋ ವಿಷಯ ಹೈಕೋರ್ಟ್ ಮೆಟ್ಟಿಲನ್ನೂ ಹತ್ತಿತ್ತು. ಟೆಂಡರ್ ತಡವಾಗಬಹುದು, ಕಡತ ಕಾಯಬಹುದು. ಮುಟ್ಟು ಕಾಯಲ್ಲ.

ಒಂದು ಮನೆಯ ಲೆಕ್ಕ ನೋಡಿ. ನಾಲ್ಕರಿಂದ ಆರು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕು ಅಂತ ವೈದ್ಯರು ಹೇಳ್ತಾರೆ. ಐದು ದಿನಕ್ಕೆ ಒಬ್ಬರಿಗೆ 15ರಿಂದ 20 ಪ್ಯಾಡ್ ಬೇಕಾಗುತ್ತೆ. ತಾಯಿ, ಇಬ್ಬರು ಹೆಣ್ಣುಮಕ್ಕಳಿರುವ ಕೂಲಿ ಮನೆಗೆ ತಿಂಗಳಿಗೆ ಐದಾರು ಪ್ಯಾಕ್. ಅಷ್ಟು ದುಡ್ಡು ಎತ್ತಿಡೋದು ಕಷ್ಟ. ಹಾಗಾಗಿ ಒಂದೇ ಪ್ಯಾಡನ್ನು ದಿನವಿಡೀ ಇಟ್ಟುಕೊಳ್ಳೋದು, ಇಲ್ಲವೇ ಹಳೇ ಬಟ್ಟೆ. ಬಟ್ಟೆ ಬಳಸೋದು ತಪ್ಪಲ್ಲ. ಸೋಪು ಹಾಕಿ ಒಗೆದು ಬಿಸಿಲಲ್ಲಿ ಒಣಗಿಸಿದರೆ ಬಟ್ಟೆಯೂ ಸುರಕ್ಷಿತವೇ. ಆದರೆ ಯಾರಾದರೂ ನೋಡಿಬಿಡ್ತಾರೆ ಅಂತ ಅದನ್ನು ಸೀರೆ ಕೆಳಗೆ, ಬಚ್ಚಲ ಮೂಲೆಯಲ್ಲಿ ಒಣಹಾಕ್ತಾರೆ. ಅರ್ಧ ಒಣಗಿದ ಬಟ್ಟೆಯಿಂದ ತುರಿಕೆ, ಸೋಂಕು ಶುರುವಾಗುತ್ತೆ. ಇಲ್ಲಿ ದುಡ್ಡಿನ ಜೊತೆಗೆ ನಾಚಿಕೆಯೂ ಕೆಲಸ ಮಾಡ್ತಿದೆ.

ನಾಚಿಕೆ ಅನ್ನೋ ಮಾತು ಇನ್ನೂ ಕೆಲವೆಡೆ ಬೇಲಿಯಾಗಿದೆ. ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನು, ಬಾಣಂತಿಯರನ್ನು ಹಟ್ಟಿಯ ಆಚೆ ಇರಿಸುವ ಪದ್ಧತಿ ಪೂರ್ತಿ ಹೋಗಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಊರಾಚೆಯ ಗುಡಿಸಲಿನಲ್ಲಿದ್ದ ಬಾಣಂತಿಯ ಎಳೆಗೂಸು ತೀರಿಕೊಂಡಿತು. ಆಗ ಇಡೀ ರಾಜ್ಯ ಈ ಕಡೆ ತಿರುಗಿ ನೋಡಿತ್ತು. ಹೀಗೆ ಹೊರಗಿಡೋದು 2017ರ ಮೌಢ್ಯ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಆದರೆ ‘ದೇವರಿಗೆ ಮೈಲಿಗೆ’ ಅನ್ನೋ ಭಯವನ್ನು ಕೇಸ್ ಹಾಕಿದ ಮಾತ್ರಕ್ಕೆ ಓಡಿಸೋಕಾಗಲ್ಲ. ಹಟ್ಟಿಯ ಹಿರಿಯರು, ಪೂಜಾರಿಗಳು, ಮುಖ್ಯವಾಗಿ ಗಂಡಸರು ಕೂತು ಮಾತಾಡಬೇಕು. ಬರೀ ಹುಡುಗಿಯರನ್ನು ಕೂರಿಸಿ ಭಾಷಣ ಮಾಡಿದರೆ, ಮೊದಲೇ ಕಷ್ಟ ಗೊತ್ತಿರುವವರಿಗೇ ಕಷ್ಟ ಹೇಳಿದಂತೆ.

ಇನ್ನು ಶಾಲೆ ಶೌಚಾಲಯ. ಪ್ಯಾಡ್ ಕೈಗೆ ಬಂದರೆ ಅರ್ಧ ಕೆಲಸ ಆದ ಹಾಗೆ. ಬದಲಿಸೋಕೆ ಚಿಲಕ ಇರುವ ಬಾಗಿಲು, ನಲ್ಲಿಯಲ್ಲಿ ನೀರು, ಹಾಕೋಕೆ ಮುಚ್ಚಳದ ಡಬ್ಬ ಬೇಕು. ಇವು ಮೂರರಲ್ಲಿ ಒಂದಿಲ್ಲದಿದ್ದರೂ ಆ ದಿನಗಳಲ್ಲಿ ಹುಡುಗಿ ಮನೆಯಲ್ಲೇ ಉಳೀತಾಳೆ. ತಿಂಗಳಿಗೆ ಎರಡೇ ದಿನ ತಪ್ಪಿಸಿದರೂ ಹತ್ತು ತಿಂಗಳಿಗೆ ಇಪ್ಪತ್ತು ದಿನದ ಪಾಠ ಹೋಯ್ತು. ಎಸ್ಸೆಸ್ಸೆಲ್ಸಿ ಹುಡುಗಿಗೆ ಇದು ಸಣ್ಣ ನಷ್ಟವಲ್ಲ.

ಹಾಗಾದರೆ ತಾಲ್ಲೂಕು ಮಟ್ಟದಲ್ಲಿ ಏನು ಮಾಡಬಹುದು? ದೊಡ್ಡ ಬಜೆಟ್ ಬೇಡದ ಕೆಲಸಗಳೇ ಹೆಚ್ಚು. ಜನೌಷಧಿ ಕೇಂದ್ರಗಳಲ್ಲಿ ‘ಸುವಿಧಾ’ ಪ್ಯಾಡ್ ದರವನ್ನು 2019ರ ಆಗಸ್ಟ್‌ನಲ್ಲೇ ಒಂದಕ್ಕೆ 1 ರೂಪಾಯಿಗೆ ಇಳಿಸಲಾಗಿದೆ. 20 ಪ್ಯಾಡಿಗೆ 20 ರೂಪಾಯಿ. ಮೇಲಿನ ಕೂಲಿ ಮನೆಯ ಖರ್ಚು ತಿಂಗಳಿಗೆ 60 ರೂಪಾಯಿಗೆ ಇಳಿಯುತ್ತೆ. ಆಶಾ ಕಾರ್ಯಕರ್ತೆಯರು, ಸ್ವಸಹಾಯ ಸಂಘದವರು ಇದನ್ನು ಮನೆಮನೆಗೆ ಹೇಳಿದರೆ ಸಾಕು. ಪ್ಯಾಡ್ ಮೇಲಿನ ಜಿಎಸ್‌ಟಿ 2018ರ ಜುಲೈನಲ್ಲೇ ರದ್ದಾಗಿದೆ ಅನ್ನೋದೂ ಗೊತ್ತಿರಲಿ.

ಅಂಗಡಿಯವರು ಪ್ಯಾಡನ್ನು ಸೋಪು, ಪೇಸ್ಟಿನ ಸಾಲಲ್ಲೇ ಕಾಣುವ ಹಾಗೆ ಇಡಬಹುದು. ಗಿರಾಕಿ ಕೇಳದೆ ಪೇಪರ್ ಸುತ್ತೋದನ್ನು ಬಿಡಬಹುದು. ಪಂಚಾಯ್ತಿಯವರು ಕಸದ ಗಾಡಿಯಲ್ಲಿ ಬಳಸಿದ ಪ್ಯಾಡಿಗೆ ಬೇರೆ ಡಬ್ಬ ಇಡಬಹುದು. ಹಾಗೆ ಮಾಡಿದರೆ ಅವು ಕೆರೆ ಏರಿ ಮೇಲೆ, ಚರಂಡಿಯಲ್ಲಿ ಬೀಳೋದು ತಪ್ಪುತ್ತೆ, ಪೌರಕಾರ್ಮಿಕರು ಬರಿಗೈಲಿ ಎತ್ತೋದೂ ತಪ್ಪುತ್ತೆ.

ಶಾಲೆ ಶುರುವಾದ ಮೇಲೆ ನಡೆಯುವ ಮೊದಲ ಎಸ್‌ಡಿಎಂಸಿ ಸಭೆಯಲ್ಲಿ ಪೋಷಕರು ಮೂರೇ ಪ್ರಶ್ನೆ ಕೇಳಲಿ: ಈ ತಿಂಗಳ ಪ್ಯಾಡ್ ಬಂತಾ? ಶೌಚಾಲಯದಲ್ಲಿ ನೀರಿದೆಯಾ? ಬಾಗಿಲಿಗೆ ಚಿಲಕ ಇದೆಯಾ? ಇದನ್ನು ಅಪ್ಪಂದಿರೇ ಎದ್ದು ನಿಂತು ಕೇಳಿದರೆ, ಮುಂದಿನ ಮೇ 28ರ ಭಾಷಣಕ್ಕಿಂತ ಹೆಚ್ಚು ಕೆಲಸ ಅವತ್ತೇ ಆಗುತ್ತೆ.