ಬಿರುದಿಗೆ ಬಾಧ್ಯರಾರು?

ಇಬ್ಬರಲ್ಲಿ ಹೆಚ್ಚಿನವರು ಯಾರೆಂಬ ಚರ್ಚೆ ನಮ್ಮ ಜನಕ್ಕೆ ಬಹು ಪ್ರಿಯವಾದುದು. ಪಂಪನೋ ರನ್ನನೋ ಎಂದು ಪಂಡಿತರು ಬೆಳಗಿನವರೆಗೆ ವಾದಿಸಿದರೂ ಯಾರಿಗೂ ನಷ್ಟವಿಲ್ಲ. ಆದರೆ ಸರ್ಕಾರವೇ ತಕ್ಕಡಿ ಹಿಡಿದು ಕುಳಿತಾಗ ಮಾತಿನ ತೂಕವೇ ಬೇರೆ. ೨೦೧೫ರಲ್ಲಿ ಖೇಲ್ ರತ್ನ ಪ್ರಶಸ್ತಿಯ ಸುತ್ತ ಎದ್ದ ವಿವಾದವನ್ನು ಓದುಗರು ಮರೆತಿರಲಾರರು.

ಆ ವರ್ಷ ಪ್ರಶಸ್ತಿಗೆ ಆಯ್ಕೆಯಾದವರು ಟೆನಿಸ್ ಆಟಗಾರ್ತಿ ಸಾನಿಯಾ ಮಿರ್ಜಾ. ಆ ಆಯ್ಕೆಯನ್ನು ಪ್ರಶ್ನಿಸಿ ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿದವರು ನಮ್ಮ ಹಾಸನ ಜಿಲ್ಲೆಯ ಎತ್ತರ ಜಿಗಿತಗಾರ ಎಚ್. ಎನ್. ಗಿರೀಶ.

ಸಾನಿಯಾ ಅವರ ಸಾಧನೆ ಅಲ್ಪವಾದುದೆಂದು ಹೇಳುವ ಧೈರ್ಯ ಯಾರಿಗಿದೆ? ೨೦೧೪ರಲ್ಲಿ ಅಮೆರಿಕನ್ ಓಪನ್ ಮಿಶ್ರ ಡಬಲ್ಸ್, ೨೦೧೫ರಲ್ಲಿ ಮಾರ್ಟಿನಾ ಹಿಂಗಿಸ್ ಅವರೊಡನೆ ವಿಂಬಲ್ಡನ್ ಡಬಲ್ಸ್, ಅದೇ ವರ್ಷ ಡಬಲ್ಸ್ ಆಟದಲ್ಲಿ ಜಗತ್ತಿಗೇ ಮೊದಲ ಸ್ಥಾನ. ಇತ್ತ ಗಿರೀಶರು ಕಾಲಿನ ಊನವನ್ನು ಗೆದ್ದು, ೨೦೧೨ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ೧.೭೪ ಮೀಟರ್ ಜಿಗಿದು ಬೆಳ್ಳಿಯನ್ನು ತಂದವರು. ಫಿಜಿ ದೇಶದ ಸ್ಪರ್ಧಿಯೂ ಜಿಗಿದದ್ದು ಅಷ್ಟೇ ಎತ್ತರ. ತಪ್ಪಿದ ಯತ್ನಗಳ ಲೆಕ್ಕದಲ್ಲಿ ಚಿನ್ನ ಕೈಜಾರಿತು. ಆ ಕ್ರೀಡಾಕೂಟದಲ್ಲಿ ಭಾರತಕ್ಕೆ ದೊರೆತ ಏಕೈಕ ಪದಕ ಅದು.

ಹಾಗಾದರೆ ವ್ಯಾಜ್ಯವೆಲ್ಲಿ? ನಿಯಮಾವಳಿಯ ಪ್ರಕಾರ ಒಲಿಂಪಿಕ್ಸ್, ಪ್ಯಾರಾಲಿಂಪಿಕ್ಸ್, ಏಷ್ಯನ್ ಕ್ರೀಡಾಕೂಟ ಮೊದಲಾದುವುಗಳ ಪದಕಗಳಿಗೆ ಅಂಕಗಳುಂಟು. ಆ ಲೆಕ್ಕದಲ್ಲಿ ತಾವೇ ಮುಂದು, ಗ್ರ್ಯಾಂಡ್ ಸ್ಲಾಮ್ ಗೆಲುವುಗಳಿಗೆ ಅಂಕವಿಲ್ಲ ಎಂಬುದು ಗಿರೀಶರ ವಾದ. ಟೆನಿಸ್ಸಿನ ಶಿಖರವೇ ವಿಂಬಲ್ಡನ್ ಆಗಿರುವಾಗ ಅದನ್ನು ಕಾಣದ ನಿಯಮ ಕುರುಡಲ್ಲವೇ ಎಂಬುದು ಎದುರು ಮಾತು.

ಎರಡೂ ಮಾತುಗಳು ಸರಿಯೇ. ಆದರೂ ಅಧ್ಯಾಪಕನಾದ ನನಗೆ ಒಂದು ಸೂಕ್ಷ್ಮ ಕಾಣುತ್ತದೆ. ಪ್ರಶ್ನಪತ್ರಿಕೆಯಲ್ಲಿಲ್ಲದ ವಿಷಯವನ್ನು ವಿದ್ಯಾರ್ಥಿ ಎಷ್ಟೇ ಸೊಗಸಾಗಿ ಬರೆದಿದ್ದರೂ ಅದಕ್ಕೆ ಅಂಕವೀಯುವ ಅಧಿಕಾರ ಪರೀಕ್ಷಕನಿಗಿಲ್ಲ. ಪ್ರಶ್ನೆಗಳು ಸಂಕುಚಿತವಾಗಿದ್ದರೆ ಮುಂದಿನ ಪರೀಕ್ಷೆಗೆ ಮೊದಲೇ ತಿದ್ದಬೇಕು; ಉತ್ತರಗಳನ್ನು ನೋಡಿದ ಮೇಲಲ್ಲ. ಏಕೆಂದರೆ, ಹೆಸರಾಂತರಿಗೆ ನಿಯಮದ ಆಸರೆ ಬೇಕಿಲ್ಲ, ಅವರ ಪರವಾಗಿ ಕೀರ್ತಿಯೇ ಮಾತನಾಡುತ್ತದೆ. ಕ್ಯಾಮೆರಾಗಳು ತಿರುಗಿ ನೋಡದ ಅಂಗಳದಲ್ಲಿ ಬೆವರು ಸುರಿಸುವವನಿಗೆ ಇರುವ ಬೆಂಬಲ ನಿಯಮವೊಂದೇ.

ಆ ಆಗಸ್ಟ್ ೨೯ರಂದು ಸಾನಿಯಾ ಅವರು ರಾಷ್ಟ್ರಪತಿಗಳಿಂದ ಪ್ರಶಸ್ತಿಯನ್ನು ಸ್ವೀಕರಿಸಿದರು. ೨೦೧೭ರಲ್ಲಿ ಈಟಿ ಎಸೆತದ ದೇವೇಂದ್ರ ಝಝಾರಿಯಾ ಖೇಲ್ ರತ್ನ ಪಡೆದ ಮೊದಲ ಪ್ಯಾರಾ ಕ್ರೀಡಾಪಟುವಾದರು. ೨೦೨೫ರ ಜನವರಿಯಲ್ಲಿ ಅದೇ ಗೌರವ ಪಡೆದವರಲ್ಲಿ ಪ್ರವೀಣ್ ಕುಮಾರರೂ ಒಬ್ಬರು. ಅವರೂ ಎತ್ತರ ಜಿಗಿತಗಾರರೇ! ಗಿರೀಶರಿಗೆ ಪದ್ಮಶ್ರೀ, ಅರ್ಜುನ ಪ್ರಶಸ್ತಿಗಳು ಅದಕ್ಕೆ ಮೊದಲೇ ಸಂದಿದ್ದವು. ಖೇಲ್ ರತ್ನ ಮಾತ್ರ ದೊರೆಯಲಿಲ್ಲ.

ಬಿರುದು ಯಾರಿಗಾದರೂ ಸಲ್ಲಲಿ. ತಕ್ಕಡಿಯ ಮುಳ್ಳು ಎಲ್ಲರಿಗೂ ಕಾಣುವಂತಿದ್ದರೆ, ಸೋತವನೂ ಚಪ್ಪಾಳೆ ತಟ್ಟಿಯಾನು.