ಪವರ್ ಹೋಯ್ತು ಅಂದ್ರೆ ಏನು ಹೋಯ್ತು?

ಹಾಸ್ಟೆಲಿನಲ್ಲಿ ಕರೆಂಟು ಹೋದ ಕೂಡಲೇ ಎಲ್ಲಾ ಮಹಡಿಗಳಿಂದ ಒಂದೇ ಕೂಗು ಬರುತ್ತೆ: "ಪವರ್ ಹೋಯ್ತು!" ಆಗ ನಾವೆಲ್ಲ ಪವರ್ ಬ್ಯಾಂಕ್ ಹುಡುಕೋಕೆ ಶುರು ಮಾಡ್ತೀವಿ. ಕತ್ತಲಲ್ಲಿ ಯಾರಾದರೂ ಕನ್ನಡಕ ತುಳಿದುಬಿಟ್ಟರೆ, ಮಾರನೇ ದಿನ ಅಂಗಡಿಯವರು ಕೇಳೋದು "ಪವರ್ ಎಷ್ಟು?" ಅಂತ. ಗಣಿತದ ಕ್ಲಾಸಿನಲ್ಲಿ ಎಕ್ಸ್‌ನ ತಲೆ ಮೇಲೆ ಕೂತಿರುವ ಪುಟ್ಟ ಮೂರು ಕೂಡ ಪವರ್. ಕ್ರಿಕೆಟ್ಟಿನ ಮೊದಲ ಓವರುಗಳು ಪವರ್‌ಪ್ಲೇ. ಚುನಾವಣೆ ಗೆದ್ದವರ ಕೈಗೆ ಬರೋದೂ ಪವರ್. ನಮ್ಮ ಅಪ್ಪು ಅಂತೂ ಇವತ್ತಿಗೂ ಪವರ್ ಸ್ಟಾರ್.

ಒಂದು ಪದಕ್ಕೆ ಇಷ್ಟು ಕೆಲಸ ಕೊಟ್ಟಿದ್ದಕ್ಕೆ ಇಂಗ್ಲಿಷಿನ ಮೇಲೆ ನಮಗೇನೂ ಸಿಟ್ಟಿಲ್ಲ. ಎಲ್ಲ ಭಾಷೆಗಳೂ ಹೀಗೇ. ಕನ್ನಡದ 'ಕಾಲು' ನೋಡಿ: ನಡೆಯೋದೂ ಕಾಲು, ಮಂಚಕ್ಕಿರೋದೂ ಕಾಲು, ನಾಲ್ಕರಲ್ಲಿ ಒಂದು ಪಾಲೂ ಕಾಲು. ನಮ್ಮ ತಕರಾರು ಬೇರೆ. ಪವರ್ ಅನ್ನೋ ಪದ ನಮಗೆ ಎಷ್ಟು ಸಲೀಸಾಗಿಬಿಟ್ಟಿದೆ ಅಂದರೆ, ಎಂಜಿನಿಯರಿಂಗ್ ಓದುವ ನಾವೇ ಅದರ ಅರ್ಥ ಕೇಳೋದನ್ನ ಬಿಟ್ಟಿದ್ದೇವೆ.

ಪವರ್ ಬ್ಯಾಂಕನ್ನೇ ತಗೊಳ್ಳಿ. ಅದರೊಳಗೆ ಕೂಡಿಟ್ಟಿರೋದು ಪವರ್ ಅಲ್ಲ, ಎನರ್ಜಿ. 10,000 ಮಿಲಿ ಆಂಪಿಯರ್ ಅವರ್ ಅಂತ ಬರೆದಿರೋದನ್ನ ಬ್ಯಾಟರಿಯ 3.7 ವೋಲ್ಟಿನಿಂದ ಗುಣಿಸಿದರೆ 37 ವ್ಯಾಟ್ ಅವರ್ ಬರುತ್ತೆ. ಇದು ಎನರ್ಜಿಯ ಲೆಕ್ಕ. ಅದು ಎಷ್ಟು ಬೇಗ ಹೊರಗೆ ಬರುತ್ತೆ ಅನ್ನೋದು ಪವರ್‌ನ ಲೆಕ್ಕ, ಬರೀ ವ್ಯಾಟ್.

ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕದಲ್ಲಿ ಈ ಗೊಂದಲಕ್ಕೆ ಜಾಗವೇ ಇಲ್ಲ. ಎನರ್ಜಿ ಅಂದರೆ ಶಕ್ತಿ. ಪವರ್ ಅಂದರೆ ಸಾಮರ್ಥ್ಯ, ಅಂದರೆ ಕೆಲಸ ನಡೆಯುವ ದರ. ಗಣಿತಕ್ಕೆ ಬಂದರೆ ಅದು ಘಾತ. ಪೌರನೀತಿಗೆ ಬಂದರೆ ಅಧಿಕಾರ. ಹಾಸ್ಟೆಲಿನಲ್ಲಿ ಹೋಗಿದ್ದು ವಿದ್ಯುತ್. ಇಂಗ್ಲಿಷಿನಲ್ಲಿ ಒಂದೇ ಪದ ಹೇಳಿ ಮುಂದಕ್ಕೆ ಹೋಗಬಹುದು. ಕನ್ನಡಕ್ಕೆ ತರಬೇಕು ಅಂದರೆ ಮಾತ್ರ ನಿಂತು "ಇದು ಯಾವ ಪವರ್?" ಅಂತ ಕೇಳಲೇಬೇಕು. ಆ ಪ್ರಶ್ನೆಯೇ ಅರ್ಧ ಪಾಠ.

ಇದು ಬರೀ ಪದಗಳ ಆಟ ಅಂತ ಯಾರಾದರೂ ಅಂದರೆ, ಮನೆಯ ಕರೆಂಟ್ ಬಿಲ್ ತೋರಿಸಿ. ಅದರಲ್ಲಿ ನಿಗದಿತ ಶುಲ್ಕ ಹಾಕೋದು ಮಂಜೂರಾದ ಕಿಲೋವ್ಯಾಟಿನ ಮೇಲೆ, ಅಂದರೆ ಸಾಮರ್ಥ್ಯದ ಮೇಲೆ. ಬಳಕೆಯ ಲೆಕ್ಕ ಯೂನಿಟ್ಟಿನಲ್ಲಿ, ಅಂದರೆ ಶಕ್ತಿಯಲ್ಲಿ. 2,000 ವ್ಯಾಟಿನ ಗೀಸರ್ ಅರ್ಧ ಗಂಟೆ ಉರಿದರೂ 1 ಯೂನಿಟ್, 100 ವ್ಯಾಟಿನ ಬಲ್ಬ್ 10 ಗಂಟೆ ಉರಿದರೂ 1 ಯೂನಿಟ್. ಶಕ್ತಿ ಒಂದೇ, ಸಾಮರ್ಥ್ಯ ಇಪ್ಪತ್ತು ಪಟ್ಟು ಬೇರೆ. ಒಂದೇ ಲೈನಿಗೆ ಕೆಟಲ್, ಇಸ್ತ್ರಿಪೆಟ್ಟಿಗೆ ಎರಡೂ ಸಿಕ್ಕಿಸಿದರೆ ಎಂಸಿಬಿ ಬೀಳೋದು ನಾವು ತುಂಬಾ ಯೂನಿಟ್ ಸುಟ್ಟೆವು ಅಂತಲ್ಲ, ಒಂದೇ ಹೊತ್ತಿಗೆ ತುಂಬಾ ಎಳೆದೆವು ಅಂತ. ಶರಾವತಿ ವಿದ್ಯುದಾಗಾರ 1,035 ಮೆಗಾವ್ಯಾಟಿನದು ಅನ್ನೋದೂ ಅದರ ಸಾಮರ್ಥ್ಯದ ಮಾತು. ಒಂದು ವರ್ಷದಲ್ಲಿ ಅಲ್ಲಿ ಎಷ್ಟು ಯೂನಿಟ್ ಹುಟ್ಟುತ್ತೆ ಅನ್ನೋದು ಲಿಂಗನಮಕ್ಕಿಗೆ ಎಷ್ಟು ನೀರು ಬಂತು ಅನ್ನೋದರ ಮೇಲೆ ನಿಂತಿದೆ.

ಕನ್ನಡಕದ ಪವರ್ ಇನ್ನೂ ತಮಾಷೆ. "ಪವರ್ ಜಾಸ್ತಿ ಆಯ್ತು" ಅಂದರೆ ಕಣ್ಣು ಚುರುಕಾಯ್ತು ಅಂತಲ್ಲ, ಪಾಪ, ಮಂಜಾಯ್ತು ಅಂತ! ಅಲ್ಲಿ ಪವರ್ ಕಣ್ಣಿನದಲ್ಲ, ಮಸೂರದ್ದು. ಮೀಟರಿನಲ್ಲಿ ಅಳೆದ ಸಂಗಮದೂರದಿಂದ 1ನ್ನು ಭಾಗಿಸಿದರೆ ಬರುವ ಸಂಖ್ಯೆ ಅದು. ಮೈನಸ್ 2 ಅಂದರೆ ಅರ್ಧ ಮೀಟರ್ ಸಂಗಮದೂರದ ನಿಮ್ನ ಮಸೂರ.

ಹಾಗಂತ ಕನ್ನಡದಲ್ಲಿ ಎಲ್ಲವೂ ಸರಿಯಿದೆ ಅಂತ ನಾವು ಜಂಬ ಕೊಚ್ಚಲ್ಲ. ಹಾರ್ಸ್ ಪವರ್‌ಗೆ ನಾವು ಅಶ್ವಶಕ್ತಿ ಅಂತೀವಿ. ಅದು 746 ವ್ಯಾಟ್, ಅಂದರೆ ಸಾಮರ್ಥ್ಯ, ಶಕ್ತಿ ಅಲ್ಲ. ಸಾಲದ್ದಕ್ಕೆ ಟ್ಯಾಂಕಿಗೆ ಎಷ್ಟು ನೀರು ಹಿಡಿಯುತ್ತೆ ಅನ್ನೋದಕ್ಕೂ ಸಾಮರ್ಥ್ಯ ಅಂತಲೇ ಹೇಳ್ತೀವಿ. ತೋಟದಲ್ಲಿ 5 ಎಚ್‌ಪಿ ಮೋಟರ್ ಹಾಕಿಸಿದವರ ಹತ್ತಿರ ಹೋಗಿ "ಪಂಚ ಅಶ್ವಶಕ್ತಿ ಯಂತ್ರ" ಅಂದರೆ ಅವರು ನಮ್ಮನ್ನ ಒಂದು ಥರಾ ನೋಡ್ತಾರೆ. ಎಚ್‌ಪಿ ಎಚ್‌ಪಿಯಾಗಿಯೇ ಇರಲಿ. ಪವರ್ ಕಟ್ಟೂ ಇರಲಿ. ಪದ ಓಡಿಸೋದು ನಮ್ಮ ಉದ್ದೇಶವಲ್ಲ.

ನಾವು ಹೇಳೋದು ನಮ್ಮ ಪಕ್ಕದ ಬೆಂಚಿನವರ ವಿಷಯ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ ಬಂದವರು ಮೊದಲ ಸೆಮಿಸ್ಟರಿನಲ್ಲಿ ಬಾಯಿ ಬಿಡಲ್ಲ. ವೈವಾದಲ್ಲಿ "ವಾಟ್ ಈಸ್ ಪವರ್?" ಅಂದರೆ ತಲೆ ತಗ್ಗಿಸ್ತಾರೆ. ಹೊರಗೆ ಬಂದ ಮೇಲೆ "ಸಾಮರ್ಥ್ಯ ಕಣೋ, ಕೆಲಸ ಮಾಡೋ ದರ" ಅಂತ ಪಟ್ಟನೆ ಹೇಳ್ತಾರೆ. ಇಂಗ್ಲಿಷ್ ಮಾಧ್ಯಮದ ನಮ್ಮಲ್ಲಿ ಕೆಲವರು "ಪವರ್ ಅಂದ್ರೆ... ಪವರ್ರು" ಅಂತ ಧೈರ್ಯವಾಗಿ ತಡವರಿಸಿ ಪಾರಾಗ್ತೀವಿ. ಗೊತ್ತಿರುವವರು ಸುಮ್ಮನಿದ್ದಾರೆ, ಪದ ಮಾತ್ರ ಗೊತ್ತಿರುವವರು ಮಾತಾಡ್ತಿದ್ದಾರೆ. ತಾವು ಕನ್ನಡದಲ್ಲಿ ಕಲಿತದ್ದು ಇಲ್ಲಿ ಲೆಕ್ಕಕ್ಕಿಲ್ಲ ಅಂತ ಅವರು ನಂಬಿಬಿಟ್ಟಿದ್ದಾರಲ್ಲ, ನಮಗೆ ಬೇಜಾರು ಅದೇ.

ಅದಕ್ಕೇ ನಮ್ಮದೊಂದು ಸಣ್ಣ ಬೇಡಿಕೆ. ಈ ಸಲದ ರಾಜ್ಯೋತ್ಸವಕ್ಕೆ ಬಾವುಟ, ಡೊಳ್ಳು, ಹಾಡು ಎಲ್ಲಾ ಇರಲಿ. ಅದರ ಜೊತೆಗೆ ಪ್ರತಿ ವಿಭಾಗದವರೂ ತಮ್ಮ ಪಾಠದ ಹತ್ತು ಇಂಗ್ಲಿಷ್ ಪದ ಆರಿಸಿ, ಅದರ ಒಂದೊಂದು ಅರ್ಥವನ್ನೂ ಕನ್ನಡದಲ್ಲಿ ಬಿಡಿಸಿ ಲ್ಯಾಬಿನ ಗೋಡೆಗೆ ಅಂಟಿಸೋಣ. ಪವರ್ ಆಯ್ತು, ಇನ್ನು ಲೋಡ್ ಇದೆ, ಸ್ಟ್ರೆಸ್ ಇದೆ, ಫೀಲ್ಡ್ ಇದೆ. ಬರೆಯುವ ಕೆಲಸವನ್ನ ಕನ್ನಡ ಮಾಧ್ಯಮದಿಂದ ಬಂದ ಗೆಳೆಯರಿಗೇ ಕೊಡೋಣ. ಅರ್ಥ ಗೊತ್ತಿಲ್ಲದ ನಾವು ಪಕ್ಕದಲ್ಲಿ ನಿಂತು ಗೋಂದು ಹಚ್ಚೋಣ.